ಒಂದು ಬಿಟ್ಟು ಒಂದು ಆಯುಧಪೂಜೆಗೆ ಬ್ರೇಕ್ ಆಯಿಲ್ ಬದಲಿಸೋಣ

ಬ್ರೇಕ್ ಆಯಿಲ್ ಅನ್ನುವ ಹೆಸರಿನಲ್ಲೇ ಒಂದು ತಪ್ಪಿದೆ. ಅದು ಆಯಿಲ್ ಅಲ್ಲ. ಅಂಗಡಿಯಲ್ಲಿ ಎಂಜಿನ್ ಆಯಿಲ್, ಗೇರ್ ಆಯಿಲ್ ಪಕ್ಕದಲ್ಲೇ ಅದನ್ನೂ ಜೋಡಿಸಿಟ್ಟಿರುತ್ತಾರೆ. ಹಾಗಾಗಿ ನಾವೆಲ್ಲ ಅದನ್ನೂ ಎಣ್ಣೆಯ ಸಾಲಿಗೆ ಸೇರಿಸಿಬಿಟ್ಟಿದ್ದೇವೆ. ಎಣ್ಣೆ ಕಮ್ಮಿಯಾದರೆ ಸುರಿ, ಕಮ್ಮಿಯಾಗದಿದ್ದರೆ ಬಿಡು ಅನ್ನುವುದು ನಮ್ಮ ಲೆಕ್ಕ. ಬ್ರೇಕ್ ಆಯಿಲ್ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಡಬ್ಬಿ ತುಂಬಿದ್ದರೂ ಒಳಗಿರುವುದು ಕೆಟ್ಟಿರಬಹುದು. ಕಾರು ಓಡದೆ ಶೆಡ್ಡಿನಲ್ಲಿ ನಿಂತಿದ್ದರೂ ಅದು ಕೆಡುತ್ತದೆ.

ಅದಕ್ಕೇ ನಾವು ಹೇಳುವುದು ಇಷ್ಟು: ಬ್ರೇಕ್ ಆಯಿಲನ್ನು ತಾರೀಕು ನೋಡಿ ಬದಲಿಸಬೇಕು, ಎರಡು ವರ್ಷಕ್ಕೊಮ್ಮೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹಳ್ಳಿಗಳಲ್ಲಿರುವ ನಮ್ಮ ಕಾರುಗಳಿಗೆ ಈ ಮಾತು ಬೆಂಗಳೂರಿನ ಕಾರುಗಳಿಗಿಂತ ಹೆಚ್ಚಾಗಿ ಅನ್ವಯಿಸುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇವೆ.

ಅದು ನೀರು ಕುಡಿಯುತ್ತದೆ

ಮೊದಲು ಅದರ ಕೆಲಸ ಏನು ಅಂತ ನೋಡೋಣ. ದನಕ್ಕೆ ಇಂಜೆಕ್ಷನ್ ಕೊಡುವ ಸಿರಿಂಜನ್ನು ನೆನಪು ಮಾಡಿಕೊಳ್ಳಿ. ಅದರ ತುಂಬ ನೀರು ಎಳೆದು, ತುದಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ ಒತ್ತಿದರೆ ಒತ್ತುಗಡ್ಡಿ ಒಂದಿಷ್ಟೂ ಕದಲುವುದಿಲ್ಲ. ನಿಮ್ಮ ಬಲವೆಲ್ಲ ನೇರವಾಗಿ ಬೆರಳಿಗೆ ಬರುತ್ತದೆ. ಈಗ ಒಳಗೆ ಸ್ವಲ್ಪ ಗಾಳಿ ಬಿಟ್ಟು ಒತ್ತಿ. ಒತ್ತುಗಡ್ಡಿ ಮೆತ್ತಗೆ ಒಳಗೆ ಹೋಗುತ್ತದೆ, ಬೆರಳಿಗೆ ಬಲವೇ ಬರುವುದಿಲ್ಲ. ದ್ರವ ಒತ್ತಿದರೆ ಕುಗ್ಗದು, ಗಾಳಿ ಕುಗ್ಗುತ್ತದೆ.

ಕಾರಿನ ಬ್ರೇಕ್ ನಿಂತಿರುವುದೇ ಇದರ ಮೇಲೆ. ನಿಮ್ಮ ಕಾಲು ಪೆಡಲ್ ಒತ್ತುತ್ತದೆ, ಮಾಸ್ಟರ್ ಸಿಲಿಂಡರ್ ಆ ಒತ್ತಡವನ್ನು ಸಣ್ಣ ಪೈಪುಗಳ ಮೂಲಕ ನಾಲ್ಕೂ ಚಕ್ರಕ್ಕೆ ಕಳಿಸುತ್ತದೆ, ಅಲ್ಲಿ ಪ್ಯಾಡು ಡಿಸ್ಕನ್ನು ಕಚ್ಚುತ್ತದೆ. ಮುಚ್ಚಿದ ದ್ರವದ ಒಂದು ಕಡೆ ಒತ್ತಿದರೆ ಎಲ್ಲ ಕಡೆಗೂ ಅದೇ ಒತ್ತಡ ಹೋಗುತ್ತದೆ ಅಂತ ಫ್ರಾನ್ಸಿನ ಪ್ಯಾಸ್ಕಲ್ 17ನೇ ಶತಮಾನದಲ್ಲೇ ತೋರಿಸಿದ್ದ. ಕಾರಿನ ಕಾಲಬಲ ಚಕ್ರಕ್ಕೆ ತಲುಪುವುದು ಆ ನಿಯಮದಿಂದಲೇ.

ಈ ಪೈಪಿನೊಳಗಿರುವ ದ್ರವ ಗ್ಲೈಕಾಲ್ ಜಾತಿಯದ್ದು. ಅದರ ಗುಣ ನಮ್ಮ ಅಡುಗೆಮನೆಯ ಉಪ್ಪಿನ ಗುಣ. ಮಳೆಗಾಲದಲ್ಲಿ ಉಪ್ಪಿನ ಜಾಡಿಯ ಮುಚ್ಚಳ ಸರಿಯಾಗಿ ಹಾಕದಿದ್ದರೆ ಏನಾಗುತ್ತದೆ? ಯಾರೂ ನೀರು ಹಾಕದಿದ್ದರೂ ಉಪ್ಪು ನೀರಾಡುತ್ತದೆ. ಬ್ರೇಕ್ ಆಯಿಲ್ ಕೂಡ ಹಾಗೇ ಗಾಳಿಯ ತೇವ ಹೀರುತ್ತದೆ. ಡಬ್ಬಿಯ ಮುಚ್ಚಳದಿಂದ ಒಂದಿಷ್ಟು, ಚಕ್ರದ ಹತ್ತಿರದ ರಬ್ಬರ್ ಹೋಸಿನಿಂದ ಒಂದಿಷ್ಟು, ವರ್ಷವಿಡೀ ತೇವ ಒಳಗೆ ಸೇರುತ್ತಲೇ ಇರುತ್ತದೆ. ಇದು ಕಂಪನಿಯವರ ಎಡವಟ್ಟಲ್ಲ. ದ್ರವ ತೇವವನ್ನು ಹೀರಿಕೊಳ್ಳದಿದ್ದರೆ ಆ ನೀರು ಪೈಪಿನ ತಗ್ಗಿನಲ್ಲಿ ಹನಿಯಾಗಿ ನಿಂತು ಕಬ್ಬಿಣವನ್ನು ತುಕ್ಕು ಹಿಡಿಸುತ್ತಿತ್ತು, ಬಿಸಿ ತಾಗಿದಾಗ 100 ಡಿಗ್ರಿಗೇ ಕುದಿಯುತ್ತಿತ್ತು. ಹೀರುವುದರಿಂದ ಎರಡು ವರ್ಷ ಉಪಕಾರವಾಗುತ್ತದೆ. ಆಮೇಲೆ ಅದೇ ತೊಂದರೆಯಾಗುತ್ತದೆ.

ತೊಂದರೆ ಎಲ್ಲಿ ಅಂತ ಅಂಕಿಯಲ್ಲಿ ನೋಡಿ. ಬಾಟಲಿಯ ಮೇಲೆ ಡಾಟ್ 3, ಡಾಟ್ 4 ಅಂತ ಬರೆದಿರುತ್ತದೆ. ಅದು ಅಮೆರಿಕದ ಸಾರಿಗೆ ಇಲಾಖೆಯ ಮಾನದಂಡ, ಈಗ ಬೇರೆ ದೇಶಗಳಲ್ಲೂ ಬಳಕೆಯಲ್ಲಿದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ಅದರೊಳಗೆ ಶೇ 3.7ರಷ್ಟು ನೀರು ಸೇರಿದರೆ ಈ ಮಿತಿ ಡಾಟ್ 3ಕ್ಕೆ 140ಕ್ಕೆ, ಡಾಟ್ 4ಕ್ಕೆ 155ಕ್ಕೆ ಇಳಿಯುತ್ತದೆ. ಶೇ 3.7 ಅಂದರೆ ಎಷ್ಟು? ಅರ್ಧ ಲೀಟರ್ ದ್ರವಕ್ಕೆ ನಾಲ್ಕು ಟೀ ಚಮಚವೂ ಆಗದಷ್ಟು ನೀರು. ಅಷ್ಟಕ್ಕೇ 65–75 ಡಿಗ್ರಿ ತಾಳಿಕೆ ಹೋಯಿತು.

ದ್ರವ ಕುದಿದರೆ ಆವಿ ಹುಟ್ಟುತ್ತದೆ. ಆವಿಯೂ ಗಾಳಿಯಂತೆ ಒತ್ತಿದರೆ ಕುಗ್ಗುತ್ತದೆ. ಆಗ ನೀವು ಪೆಡಲ್ ಒತ್ತಿದರೆ ಅದು ಹತ್ತಿಯ ಮೂಟೆಯ ಮೇಲೆ ಕಾಲಿಟ್ಟ ಹಾಗೆ ನೆಲದವರೆಗೂ ಹೋಗುತ್ತದೆ. ಕಾರು ಮಾತ್ರ ನಿಲ್ಲುವುದಿಲ್ಲ.

ಬಯಲಿನಲ್ಲಿ ಅಡಗಿ, ಘಾಟಿಯಲ್ಲಿ ಬಯಲಾಗುವ ದೋಷ

‘ಇಪ್ಪತ್ತು ವರ್ಷದಿಂದ ಗಾಡಿ ಓಡಿಸ್ತಾ ಇವ್ನಿ, ಬ್ರೇಕ್ ಆಯಿಲ್ ಚೇಂಜ್ ಮಾಡೇ ಇಲ್ಲ, ಏನಾಯ್ತು?’ ಅನ್ನುವವರು ನಮ್ಮೂರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ನಮ್ಮದು ಬಯಲುಸೀಮೆ. ಡೇರಿಗೆ, ಸಂತೆಗೆ, ತಾಲ್ಲೂಕು ಆಫೀಸಿಗೆ ಹೋಗಿ ಬರುವ ದಾರಿಯಲ್ಲಿ ಬ್ರೇಕ್ ಬಿಸಿಯೇರುವುದು ಕಮ್ಮಿ. ನೀರು ಕುಡಿದ ದ್ರವವೂ ಅಲ್ಲಿ ಸರಿಯಾಗಿಯೇ ಕೆಲಸ ಮಾಡುತ್ತದೆ. ದೋಷ ಒಳಗೇ ಕೂತಿರುತ್ತದೆ, ಗೊತ್ತಾಗುವುದಿಲ್ಲ.

ಅದು ಹೊರಗೆ ಬರುವುದು ಇಳಿಜಾರಿನಲ್ಲಿ. ನಂದಿಬೆಟ್ಟ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದರೂ ದೊಡ್ಡಬಳ್ಳಾಪುರ, ದೇವನಹಳ್ಳಿಯವರಿಗೆ ಅದು ಹಿತ್ತಲ ಬೆಟ್ಟವೇ. ಅದರ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಜನರನ್ನು ತುಂಬಿಕೊಂಡ ಒಂದು ಸಣ್ಣ ಕಾರು 1,300 ಕೆ.ಜಿ. ತೂಗುತ್ತದೆ, ಅದು 500 ಮೀಟರ್ ಕೆಳಗಿಳಿಯುತ್ತದೆ ಅಂದುಕೊಳ್ಳಿ. ಆ ಇಳಿತದ ಶಕ್ತಿಯನ್ನೆಲ್ಲ ಬ್ರೇಕೇ ತಡೆದರೆ ಹುಟ್ಟುವ ಬಿಸಿಯಲ್ಲಿ 20 ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸಬಹುದು. ಗೇರಿನಲ್ಲಿ ಇಳಿದರೆ ಎಂಜಿನ್ ಅದರಲ್ಲಿ ಪಾಲು ಹಂಚಿಕೊಳ್ಳುತ್ತದೆ, ಗಾಳಿ ಒಂದಿಷ್ಟು ಬಿಸಿಯನ್ನು ಒಯ್ಯುತ್ತದೆ. ಆದರೆ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಯುವವರು ಅಷ್ಟೂ ಬಿಸಿಯನ್ನು ಅಂಗೈ ಅಗಲದ ಪ್ಯಾಡುಗಳ ಮೇಲೆ ಹೇರುತ್ತಾರೆ.

ನಂದಿಬೆಟ್ಟ ಒಂದೇ ಅಲ್ಲ. ಹೊಸಕೋಟೆ, ನೆಲಮಂಗಲದ ಮೇಲೆ ಹಾದುಹೋಗುವ 75ನೇ ರಾಷ್ಟ್ರೀಯ ಹೆದ್ದಾರಿಯೇ ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುತ್ತದೆ. ಧರ್ಮಸ್ಥಳಕ್ಕೆ, ಕುಕ್ಕೆಗೆ ನಮ್ಮ ಕಾರುಗಳು ಹೋಗುವ ದಾರಿ ಅದು, ಇಲ್ಲವೇ ಚಾರ್ಮಾಡಿ. ವರ್ಷವೆಲ್ಲ ಬಯಲಿನಲ್ಲಿ ಓಡಿದ ಕಾರು ಒಂದು ದಿನ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಡಿಕ್ಕಿಯ ತುಂಬ ಲಗೇಜ್ ಹೇರಿಕೊಂಡು ಘಾಟಿ ಇಳಿಯುತ್ತದೆ. ಬ್ರೇಕ್ ಆಯಿಲ್‌ಗೆ ನಿಜವಾದ ಪರೀಕ್ಷೆ ನಡೆಯುವುದು ಆ ದಿನ, ಕಾರಿನಲ್ಲಿ ಅತಿ ಹೆಚ್ಚು ಜನ ಇರುವ ದಿನ.

ಇನ್ನೊಂದು ವಿಚಿತ್ರ ಇದೆ. ಪೆಡಲ್ ಮೆತ್ತಗಾಯಿತು ಅಂತ ಹೇಗೋ ಗಾಡಿ ನಿಲ್ಲಿಸಿ, ಟೀ ಕುಡಿದು, ಅರ್ಧ ಗಂಟೆ ಬಿಟ್ಟು ನೋಡಿದರೆ ಬ್ರೇಕ್ ಸರಿಯಾಗಿಯೇ ಇರುತ್ತದೆ. ತಣ್ಣಗಾದ ಆವಿ ಮತ್ತೆ ದ್ರವವಾಗಿರುತ್ತದೆ, ಅಷ್ಟೇ. ಊರಿಗೆ ಬಂದು ಗ್ಯಾರೇಜಿನಲ್ಲಿ ತೋರಿಸಿದರೆ ಮೆಕ್ಯಾನಿಕ್‌ಗೆ ಏನೂ ಕಾಣುವುದಿಲ್ಲ. ‘ಚೆನ್ನಾಗೈತಲ್ಲಣ್ಣ’ ಅಂತಾನೆ. ಮುಂದಿನ ಪ್ರವಾಸದವರೆಗೆ ಎಲ್ಲರೂ ಮರೆತುಬಿಡುತ್ತಾರೆ.

ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಬ್ರೇಕ್ ಕೈಕೊಡುವುದಕ್ಕೆ ಹಳೆಯ ದ್ರವ ಒಂದೇ ಕಾರಣವಲ್ಲ. ಸವೆದ ಪ್ಯಾಡು, ಸೋರುವ ಸೀಲು, ಬಿರುಕುಬಿಟ್ಟ ಹೋಸು, ಮಿತಿ ಮೀರಿದ ಲೋಡು ಇವೆಲ್ಲವೂ ಕಾರಣವಾಗುತ್ತವೆ. ಆದರೆ ಇವುಗಳಲ್ಲಿ ಹೆಚ್ಚಿನವು ಕಣ್ಣಿಗೋ ಕಿವಿಗೋ ಮೊದಲೇ ಸುಳಿವು ಕೊಡುತ್ತವೆ. ದ್ರವದೊಳಗಿನ ನೀರು ಯಾವ ಸುಳಿವನ್ನೂ ಕೊಡುವುದಿಲ್ಲ.

ಹೊಗೆ ಕೇಳುತ್ತಾರೆ, ಬ್ರೇಕ್ ಕೇಳುವುದಿಲ್ಲ

ನಮ್ಮ ಸ್ವಂತ ಕಾರನ್ನು ಸರ್ಕಾರ ಎಷ್ಟು ಸಲ ನೋಡುತ್ತದೆ? ಹೊಗೆ ಪರೀಕ್ಷೆ ಹಳೆಯ ಗಾಡಿಗೆ ಆರು ತಿಂಗಳಿಗೊಮ್ಮೆ, ಬಿಎಸ್ 4 ಮತ್ತು ಅದರ ನಂತರದ ಗಾಡಿಗೆ ವರ್ಷಕ್ಕೊಮ್ಮೆ. ಇನ್ಶೂರೆನ್ಸ್ ಇಲ್ಲದೆ ಓಡಿಸುವಂತಿಲ್ಲ. ಬ್ರೇಕ್? ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷ ನಡೆಯುತ್ತದೆ. ಅಷ್ಟು ವರ್ಷ ಆ ಕಾರಿನ ಬ್ರೇಕನ್ನು ಪರೀಕ್ಷೆಗೆ ಒಡ್ಡಲೇಬೇಕೆಂಬ ನಿಯಮವಿಲ್ಲ. ಆಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸುವಾಗ ಮಾತ್ರ ಗಾಡಿ ತೋರಿಸಬೇಕು.

ಹಳದಿ ಬೋರ್ಡಿನ ಗಾಡಿಗಳಿಗೆ ಎಫ್‌ಸಿ ಇದೆ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ. ನೆಲಮಂಗಲದಲ್ಲಿ ಯಂತ್ರಗಳಿಂದಲೇ ವಾಹನ ಪರೀಕ್ಷಿಸುವ ಕೇಂದ್ರವೂ ಇದೆ. ಇಂಥ ಕೇಂದ್ರಗಳಲ್ಲಿ ಚಕ್ರವನ್ನು ರೋಲರ್ ಮೇಲೆ ನಿಲ್ಲಿಸಿ ಬ್ರೇಕಿನ ಬಲ ಅಳೆಯುತ್ತಾರೆ. ಒಳ್ಳೆಯದೇ. ಆದರೆ ಅದು ಬಯಲಿನಲ್ಲಿ ನಿಂತ ಗಾಡಿಯ, ಘಾಟಿಯಷ್ಟು ಕಾಯದ ಬ್ರೇಕಿನ ಬಲ. ದ್ರವದಲ್ಲಿ ಎಷ್ಟು ನೀರಿದೆ ಅಂತ ರೋಲರ್ ಹೇಳಲಾರದು. ಎಫ್‌ಸಿ ಆಗಿದೆ, ಹಾಗಾಗಿ ಬ್ರೇಕ್ ಆಯಿಲ್ ಚೆನ್ನಾಗಿದೆ ಅನ್ನುವಂತಿಲ್ಲ.

ಹೊಸ ಕಾರು ಶೋರೂಮಿಗೆ ಹೋಗುವವರೆಗೆ ಅಲ್ಲಿನ ಪಟ್ಟಿಯಲ್ಲಿ ಬ್ರೇಕ್ ಆಯಿಲ್ ಇರುತ್ತದೆ. ಹೆಚ್ಚಿನ ಕಂಪನಿಗಳು ಹೇಳುವುದು ಎರಡು ವರ್ಷ ಅಥವಾ ಸುಮಾರು 40,000 ಕಿ.ಮೀ., ಯಾವುದು ಮೊದಲೋ ಅದು. ನಿಮ್ಮ ಕಾರಿನ ಪುಸ್ತಕದಲ್ಲಿ ಬೇರೆ ಲೆಕ್ಕ ಇದ್ದರೆ ಅದನ್ನೇ ಪಾಲಿಸಿ. ಆದರೆ ಹಳ್ಳಿಗೆ ಬರುವ ಎಷ್ಟೋ ಕಾರುಗಳು ಸೆಕೆಂಡ್ ಹ್ಯಾಂಡ್, ಥರ್ಡ್ ಹ್ಯಾಂಡ್. ಬೆಂಗಳೂರಿನಲ್ಲಿ ಆರೇಳು ವರ್ಷ ಓಡಿದ ಮೇಲೆ ನಮ್ಮ ಕೈಗೆ ಬರುತ್ತವೆ. ಸರ್ವೀಸ್ ಪುಸ್ತಕ ಅಲ್ಲಿಗೇ ನಿಂತಿರುತ್ತದೆ. ಕೊಳ್ಳುವಾಗ ನಾವು ಟೈರ್ ಗುದ್ದಿ ನೋಡುತ್ತೇವೆ, ಬಾಗಿಲು ಬಡಿದು ನೋಡುತ್ತೇವೆ, ಎಸಿ ಹಾಕಿಸಿ ನೋಡುತ್ತೇವೆ, ‘ಎಷ್ಟು ಕಿಲೋಮೀಟರ್ ಆಗೈತೆ’ ಅಂತ ಕೇಳುತ್ತೇವೆ. ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಅಂತ ಯಾರೂ ಕೇಳುವುದಿಲ್ಲ. ಕಿಲೋಮೀಟರ್ ಕಮ್ಮಿ ಇದ್ದಷ್ಟೂ ನಮಗೆ ಖುಷಿ. ಕಮ್ಮಿ ಓಡಿದ ಕಾರಿನ ದ್ರವವೂ ವರ್ಷದ ಲೆಕ್ಕದಲ್ಲಿ ಅಷ್ಟೇ ನೀರು ಕುಡಿದಿರುತ್ತದೆ.

ಹಳ್ಳಿಯವರಿಗೇ ಈ ಮಾತು ಹೆಚ್ಚು ಅನ್ವಯಿಸುತ್ತದೆ ಅಂದದ್ದು ಇದಕ್ಕೇ. ನಮ್ಮ ಕಾರು ಹಳೆಯದು, ಅದರ ದಾಖಲೆ ಕಳೆದಿರುತ್ತದೆ, ಓಡಾಟ ಕಮ್ಮಿ, ಓಡಾಡುವುದು ಬಯಲಿನಲ್ಲಿ. ದೋಷ ಅಡಗಿರಲು ಇದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಕಿಲ್ಲ.

ಗ್ಯಾರೇಜಿನಲ್ಲಿ ಏನು ಕೇಳಬೇಕು

‘ಅಣ್ಣ, ಬ್ರೇಕ್ ಆಯಿಲ್ ಸ್ವಲ್ಪ ಕಮ್ಮಿ ಐತೆ, ಹಾಕ್ಬಿಡ್ಲಾ?’

‘ಹಾಕಪ್ಪ.’

ನಮ್ಮ ಗ್ಯಾರೇಜುಗಳಲ್ಲಿ ಬ್ರೇಕ್ ಆಯಿಲ್ ಬಗ್ಗೆ ನಡೆಯುವ ಮಾತು ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಇಲ್ಲೇ ಎರಡು ಪ್ರಶ್ನೆ ಕೇಳಬೇಕಿತ್ತು. ಒಂದು, ಯಾಕೆ ಕಮ್ಮಿಯಾಯಿತು? ಪ್ಯಾಡು ಸವೆದಂತೆಲ್ಲ ಡಬ್ಬಿಯ ಮಟ್ಟ ನಿಧಾನವಾಗಿ ಇಳಿಯುವುದು ಸಹಜ. ಹಾಗಾದರೆ ನೋಡಬೇಕಾದ್ದು ಪ್ಯಾಡನ್ನು. ವಾರದಲ್ಲಿ, ತಿಂಗಳಲ್ಲಿ ಇಳಿದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಅಂಥ ಗಾಡಿಯನ್ನು ರಿಪೇರಿಯಾಗದೆ ರಸ್ತೆಗಿಳಿಸಬಾರದು. ಸುರಿದು ತುಂಬಿಸಿದರೆ ಎರಡೂ ಸುಳಿವು ಮುಚ್ಚಿಹೋಗುತ್ತವೆ.

ಎರಡನೆಯ ಪ್ರಶ್ನೆ, ಯಾವ ಬಾಟಲಿಯಿಂದ ಹಾಕುತ್ತೀಯ? ತಿಂಗಳುಗಟ್ಟಲೆ ಶೆಲ್ಫಿನ ಮೇಲೆ ತೆರೆದಿಟ್ಟ ಅರ್ಧ ಬಾಟಲಿ ಆಗಲೇ ನೀರು ಕುಡಿದಿರುತ್ತದೆ. ಹೊಸ ಬಾಟಲಿ ತರಿಸಿ, ನಿಮ್ಮ ಎದುರಿಗೇ ಸೀಲ್ ಒಡೆಸಿ. ಡಾಟ್ 3 ಬೇಕೋ ಡಾಟ್ 4 ಬೇಕೋ ಅಂತ ಡಬ್ಬಿಯ ಮುಚ್ಚಳದ ಮೇಲೆ ಸಾಮಾನ್ಯವಾಗಿ ಬರೆದಿರುತ್ತದೆ. ಡಾಟ್ 5 ಅನ್ನುವುದು ಬೇರೆಯೇ ಜಾತಿ, ಸಿಲಿಕೋನಿನದು. ಅದನ್ನು ಇವುಗಳ ಜೊತೆ ಬೆರೆಸಬಾರದು. ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್, ಡೀಸೆಲ್, ಯಾವ ಎಣ್ಣೆಯನ್ನೂ ಒಂದು ಹನಿ ಹಾಕಬಾರದು. ಬ್ರೇಕಿನ ರಬ್ಬರ್ ಸೀಲುಗಳು ಎಣ್ಣೆ ಕುಡಿದರೆ ಊದಿಕೊಂಡು ಹಾಳಾಗುತ್ತವೆ. ‘ಆಯಿಲ್’ ಅನ್ನುವ ಹೆಸರು ಮಾಡುವ ದೊಡ್ಡ ಅನಾಹುತ ಇದು.

ಬದಲಿಸುವುದು ಅಂದರೆ ಮೇಲಿನ ಡಬ್ಬಿಯದನ್ನು ಸಿರಿಂಜಿನಲ್ಲಿ ಎಳೆದು ಹೊಸದು ಸುರಿಯುವುದಲ್ಲ. ಹೆಚ್ಚು ಬಿಸಿ ತಾಗುವುದು ಚಕ್ರದ ಹತ್ತಿರ, ಅಲ್ಲಿರುವ ಹಳೆಯದು ಹಾಗೇ ಉಳಿಯುತ್ತದೆ. ಸರಿಯಾದ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಹಿಂದಿನ ಸಣ್ಣ ನಿಪ್ಪಲ್ಲಿಗೆ ಪೈಪ್ ಹಾಕಿ, ಸಡಿಲಿಸಿ, ಹಳೆಯದು ಬಾಟಲಿಗೆ ಇಳಿದ ಮೇಲೆ ಬಿಗಿಮಾಡಬೇಕು. ಆಮೇಲೆ ಪೆಡಲ್ ಬಿಡಬೇಕು. ತಿಳಿಯಾದ ಹೊಸ ದ್ರವ ಗುಳ್ಳೆಯಿಲ್ಲದೆ ಬರುವವರೆಗೆ ಹೀಗೇ ನಾಲ್ಕೂ ಚಕ್ರಕ್ಕೆ ಮಾಡಬೇಕು. ಅಷ್ಟು ಹೊತ್ತು ಮೇಲಿನ ಡಬ್ಬಿ ಖಾಲಿಯಾಗದಂತೆ ನೋಡಿಕೊಳ್ಳಬೇಕು. ಖಾಲಿಯಾದರೆ ಗಾಳಿ ಒಳಗೆ ಸೇರುತ್ತದೆ. ಎಬಿಎಸ್ ಇರುವ ಕಾರಿನಲ್ಲಿ ಗಾಳಿ ಒಳಗೆ ಸೇರಿದರೆ ತೆಗೆಯಲು ಕೆಲವೊಮ್ಮೆ ಕಂಪ್ಯೂಟರೇ ಬೇಕಾಗುತ್ತದೆ. ಅಭ್ಯಾಸ ಇಲ್ಲದವರು ಯೂಟ್ಯೂಬ್ ನೋಡಿಕೊಂಡು ಮನೆಯಲ್ಲಿ ಮಾಡಲು ಹೋಗಬೇಡಿ. ಆದರೆ ಗ್ಯಾರೇಜಿನಲ್ಲಿ ಪಕ್ಕದಲ್ಲಿ ನಿಂತು ನೋಡಿ. ನಾಲ್ಕೂ ಚಕ್ರಕ್ಕೆ ಮಾಡಿದರೋ ಇಲ್ಲವೋ ಅಂತ ನಿಮಗೆ ಗೊತ್ತಾಗುತ್ತದೆ.

ಗ್ಯಾರೇಜಿನವರು ದುಡ್ಡು ಕೀಳಲು ಹೀಗೆಲ್ಲ ಹೇಳುತ್ತಾರೆ ಅನ್ನುವ ಅನುಮಾನ ಜನರಿಗಿದೆ. ಕಪ್ಪಗಾಗಿದೆ ಅಂತ ಹೆದರಿಸಿ ಆರು ತಿಂಗಳಿಗೇ ಬದಲಿಸಲು ಹೇಳಿದರೆ ಅನುಮಾನ ಪಡಿ. ಬಣ್ಣ ನೋಡಿ ನೀರು ಎಷ್ಟಿದೆ ಅಂತ ಹೇಳಲಾಗದು. ತಿಳಿಯಾಗಿ ಕಾಣುವುದರಲ್ಲೂ ನೀರಿರಬಹುದು. ತಾರೀಕಿನ ಲೆಕ್ಕ ಇಟ್ಟುಕೊಂಡವರನ್ನು ಯಾರೂ ಮೋಸ ಮಾಡಲಾಗದು. ಸಣ್ಣ ಕಾರಿಗೆ ಅರ್ಧದಿಂದ ಒಂದು ಲೀಟರ್ ಬೇಕಾಗಬಹುದು. ಎರಡು ವರ್ಷಕ್ಕೊಮ್ಮೆ ಮಾಡುವ ಈ ಖರ್ಚು ಒಂದು ಟೈರಿನ ಬೆಲೆಯ ಮುಂದೆ ಸಣ್ಣದು.

ಎಂಜಿನ್ ಆಯಿಲ್ ಬದಲಿಸಿದಾಗ ಮುಂದಿನ ಕಿಲೋಮೀಟರ್ ಬರೆದು ಸ್ಟಿಕ್ಕರ್ ಅಂಟಿಸುವ ರೂಢಿ ಎಷ್ಟೋ ಗ್ಯಾರೇಜುಗಳಲ್ಲಿದೆ. ಬ್ರೇಕ್ ಆಯಿಲ್‌ಗೂ ಅಂಥದ್ದೊಂದು ಸ್ಟಿಕ್ಕರ್ ಅಂಟಿಸಿ, ತಿಂಗಳು, ವರ್ಷ ಬರೆಯಿರಿ ಅಂತ ನಮ್ಮ ನಾಲ್ಕೂ ತಾಲ್ಲೂಕಿನ ಮೆಕ್ಯಾನಿಕ್ ಅಣ್ಣಂದಿರನ್ನು ಕೇಳಿಕೊಳ್ಳುತ್ತೇವೆ. ಗಾಡಿ ಮಾರಿದರೂ ಆ ತಾರೀಕು ಗಾಡಿಯ ಜೊತೆಗೇ ಹೋಗುತ್ತದೆ.

ಬೈಕಿನವರಿಗೂ ಒಂದು ಮಾತು. ಹ್ಯಾಂಡಲ್ ಮೇಲೆ ಸಣ್ಣ ಡಬ್ಬಿ ಇರುವ ಡಿಸ್ಕ್ ಬ್ರೇಕ್ ಬೈಕುಗಳಿಗೂ ಇದೇ ದ್ರವ, ಇದೇ ಲೆಕ್ಕ. ಕೇಬಲ್ಲಿನ ಡ್ರಮ್ ಬ್ರೇಕಿಗೆ ಇದು ಬೇಕಿಲ್ಲ. ಕೆಲವು ಕಾರುಗಳಲ್ಲಿ ಕ್ಲಚ್ಚಿಗೂ ಇದೇ ದ್ರವ ಹೋಗುತ್ತದೆ.

ತೆಗೆದ ಹಳೆಯದನ್ನು ಚರಂಡಿಗೋ ತೋಟಕ್ಕೋ ಚೆಲ್ಲಬೇಡಿ, ಗ್ಯಾರೇಜಿನಲ್ಲೇ ಬಿಡಿ. ಉಳಿದ ಹೊಸದನ್ನು ನೀರಿನ ಬಾಟಲಿ, ಕೂಲ್‌ಡ್ರಿಂಕ್ ಬಾಟಲಿಗೆ ಬಗ್ಗಿಸಿ ಮನೆಯಲ್ಲಿಡಬೇಡಿ. ಅದು ವಿಷ. ಮಕ್ಕಳು, ದನಕರು, ನಾಯಿಗೆ ಸಿಗದ ಹಾಗೆ ನೋಡಿಕೊಳ್ಳಿ. ಕಾರಿನ ಮೇಲೆ ಚೆಲ್ಲಿದರೆ ತಕ್ಷಣ ನೀರು ಸುರಿದು ತೊಳೆಯಿರಿ, ಇಲ್ಲದಿದ್ದರೆ ಪೇಂಟ್ ಎದ್ದುಬರುತ್ತದೆ.

ತಾರೀಕು ನೆನಪಿಡುವುದು ಹೇಗೆ?

ಎರಡು ವರ್ಷಕ್ಕೊಮ್ಮೆ ಅಂದರೆ ಯಾರಿಗೆ ನೆನಪಿರುತ್ತದೆ? ಅದಕ್ಕೆ ನಮ್ಮ ಹತ್ತಿರವೇ ಒಂದು ಕ್ಯಾಲೆಂಡರ್ ಇದೆ. ದೊಡ್ಡಬಳ್ಳಾಪುರದ ಮಗ್ಗದಿಂದ ಹಿಡಿದು ಹೊಲದ ಟ್ರ್ಯಾಕ್ಟರ್‌ವರೆಗೆ ಎಲ್ಲವನ್ನೂ ತೊಳೆದು, ಕುಂಕುಮ ಇಟ್ಟು, ಕುಂಬಳಕಾಯಿ ಒಡೆಯುವ ಆಯುಧಪೂಜೆಯನ್ನು ಯಾರೂ ಮರೆಯುವುದಿಲ್ಲ. ಒಂದು ಬಿಟ್ಟು ಒಂದು ಆಯುಧಪೂಜೆಯ ವಾರದಲ್ಲಿ ಬ್ರೇಕ್ ಆಯಿಲ್ ಬದಲಿಸೋಣ. ನಡುವಿನ ವರ್ಷ ಪ್ಯಾಡು, ಹೋಸು, ಡಬ್ಬಿಯ ಮಟ್ಟ ನೋಡಿಸೋಣ.

ಹೊತ್ತೂ ಸರಿಯಾಗಿದೆ. ಮುಂಗಾರಿನ ತೇವವೆಲ್ಲ ಆಗಲೇ ಕಳೆದಿರುತ್ತದೆ. ಅದರ ಹಿಂದೆಯೇ ನಮ್ಮ ಪ್ರವಾಸದ ತಿಂಗಳುಗಳು ಶುರುವಾಗುತ್ತವೆ. ಕಾರ್ತಿಕದಲ್ಲಿ ಧರ್ಮಸ್ಥಳದ ಲಕ್ಷದೀಪ, ಆಮೇಲೆ ಕುಕ್ಕೆಯ ಚಂಪಾಷಷ್ಠಿ, ಅಯ್ಯಪ್ಪನ ಮಾಲೆ, ಶಾಲೆಮಕ್ಕಳ ಟೂರು. ಘಾಟಿ ಇಳಿಯುವ ಮೊದಲು ಬ್ರೇಕಿನಲ್ಲಿ ಹೊಸ ದ್ರವ ಇರುತ್ತದೆ. ಚಕ್ರದಡಿ ನಿಂಬೆಹಣ್ಣು ಇಡುವುದು ನಮ್ಮ ನಂಬಿಕೆ, ಇಡೋಣ. ಅದೇ ದಿನ ಬಾನೆಟ್ ಎತ್ತಿ ಡಬ್ಬಿಯನ್ನೂ ನೋಡೋಣ.

ಘಾಟಿಯಲ್ಲಿ ಹತ್ತಿದ ಗೇರಿನಲ್ಲೇ ಇಳಿಯಿರಿ. ನ್ಯೂಟ್ರಲ್ ಬೇಡ, ಎಂಜಿನ್ ಆಫ್ ಮಾಡುವುದಂತೂ ಬೇಡವೇ ಬೇಡ. ಎಂಜಿನ್ ನಿಂತರೆ ಒಂದೆರಡು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಬ್ರೇಕಿನ ಮೇಲೆ ಕಾಲು ಇಟ್ಟುಕೊಂಡೇ ಇಳಿಯುವ ಬದಲು ಒತ್ತಿ ವೇಗ ಇಳಿಸಿ, ಬಿಡಿ, ಮತ್ತೆ ಒತ್ತಿ. ಪೆಡಲ್ ಮೆತ್ತಗಾಯಿತು ಅನ್ನಿಸಿದರೆ ಬೇಗ ಬೇಗ ಒತ್ತಿ ಬಿಟ್ಟು ಮಾಡಿ, ಗೇರ್ ಒಂದೊಂದಾಗಿ ಇಳಿಸಿ, ಹ್ಯಾಂಡ್ ಬ್ರೇಕನ್ನು ನಿಧಾನವಾಗಿ ಎಳೆಯಿರಿ. ಹೆಚ್ಚಿನ ಕಾರುಗಳಲ್ಲಿ ಅದು ಕೇಬಲ್ಲಿನಲ್ಲಿ ನಡೆಯುತ್ತದೆ, ದ್ರವ ಕುದಿದರೂ ಕೆಲಸ ಮಾಡುತ್ತದೆ. ನಿಲ್ಲಿಸಿ, ಪೂರ್ತಿ ತಣಿಯಲು ಬಿಡಿ. ತಣಿದ ಮೇಲೆ ಪೆಡಲ್ ಗಟ್ಟಿಯಾದರೂ ಸರಿಹೋಯಿತು ಅಂದುಕೊಳ್ಳಬೇಡಿ. ಮೆಲ್ಲಗೆ ಕೆಳಗಿಳಿದು ಮೊದಲು ಸಿಗುವ ಗ್ಯಾರೇಜಿನಲ್ಲಿ ತೋರಿಸಿ.

ಬ್ರೇಕ್ ಆಯಿಲ್ ಅನ್ನುವ ಹೆಸರನ್ನು ಬದಲಿಸಲು ನಮ್ಮಿಂದ ಆಗದು, ಜನರ ಬಾಯಲ್ಲಿ ನಿಂತುಬಿಟ್ಟಿದೆ. ಅಭ್ಯಾಸ ಬದಲಿಸಬಹುದು. ಈ ವಾರ ಗಾಡಿ ತೊಳೆಯುವಾಗ ಮನೆಯವರನ್ನೊಮ್ಮೆ ಕೇಳಿ, ಬ್ರೇಕ್ ಆಯಿಲ್ ಬದಲಿಸಿದ್ದು ಯಾವಾಗ? ‘ನೆನಪಿಲ್ಲ’ ಅನ್ನುವ ಉತ್ತರ ಬಂದರೆ ಇನ್ನು ಆಯುಧಪೂಜೆಗೂ ಕಾಯಬೇಡಿ. ಈ ತಿಂಗಳೇ ಬದಲಿಸಿ, ತಾರೀಕು ಬರೆದಿಡಿ.